ನಮ್ಮನೆಗೆ ನಾವೇ ನೆಂಟರಾಗಿ ಹೋದದ್ದು

ಇಲ್ಲ ಕಣೆ ಪುಟ್ಟಿ, ಮುಂದಿನ ಮನೆ ಅವರ್ದಲ್ಲ, ನಮ್ದೇ. ನಾನು, ನಿಮ್ಮ ತಾತ ಇರೋ ಈ ಶೀಟಿನ ಶೆಡ್ಡೂ ನಮ್ದೇ. ಏನಂತು ಆ ಮನೆ ಹುಡುಗಿ, ನಿಮ್ಮಜ್ಜಿ ನಮ್ಮನೆ ಹಿಂದೆ ಬಾಡಿಗೆಗವ್ರೆ ಅಂತಾನಾ? ಅನ್ಲಿ ಬುಡು. ನೋಡ್ದೋರ್ಗೆ ಅಂಗೇ ಕಾಣ್ತದೆ, ಅದ್ರದ್ದೇನು ತಪ್ಪು. ಕೂತ್ಕೋ ಬಾ, ಈ ಹುಣಸೆಹಣ್ಣಿನ ಬೀಜ ತೆಗೀತಾ ತೆಗೀತಾ ಹೇಳ್ತೀನಿ.

ಮೊದ್ಲು ನಾವು ಒಂಟಿಕೊಪ್ಪಲ್ನಲ್ಲಿ ಒಬ್ರ ಮನೆ ಮೇಲೆ ಬಾಡಿಗೆಗಿದ್ವಿ. ನಿಮ್ಮಮ್ಮ ಆಗ ನಡೆಯೋಕೆ ಕಲೀತಿದ್ಲು, ಅದು ದಡದಡ ಓಡಿದ್ರೆ ಕೆಳಗಿಂದ ಓನರಮ್ಮ ಕೋಲು ತಗಂಡು ತಾರಸಿ ಕುಟ್ಟೋರು. "ಮಗೂನ ಒಂದ್ಕಡೆ ಕೂರಿಸ್ಕೊಳ್ರಮ್ಮ." ಎಂಗೆ ಕೂರಿಸೋದು ಹೇಳು. ಆವತ್ತಿಂದ್ಲೇ ಹಠ ಬಂದ್ಬುಡ್ತು, ನಮ್ದು ಅಂತ ಒಂದಿರ್ಬೇಕು ಅಂತ. ನಿಮ್ಮ ತಾತಂಗೆ ಹೂಟಗಳ್ಳೀಲಿ ಫ್ಯಾಕ್ಟ್ರಿ ಕೆಲಸ. ಖಾಯಂ ಆಗಿತ್ತು... ಅಲ್ಲಲ್ಲ, ಖಾಯಂ ಮಾಡ್ತೀವಿ ಅಂದಿದ್ರು, ಕಂಟ್ರಾಕ್ಟೇ ಇತ್ತು. ಕೂಡಿಟ್ಟಿದ್ದೆಲ್ಲ ಸುರಿದು ಈ ಕೆಸರೆ ಬಡಾವಣೇಲಿ ಸೈಟು ತಗಂಡ್ವಿ, ಬ್ಯಾಂಕಲ್ಲಿ ಸಾಲ ಮಾಡಿ ಮನೆ ಎಬ್ಬಿಸಿದ್ವಿ. ಅಷ್ಟೊತ್ಗೆ ನಿಮ್ಮಮ್ಮ ಹೈಸ್ಕೂಲು. ಮನೆ ಕಟ್ಟೋವಾಗ ಬಾಡಿಗೆ ಉಳೀಲಿ ಅಂತ ಸಿಮೆಂಟು ಇಡೋ ಈ ಶೆಡ್ಡಲ್ಲೇ ಮೂರೂ ಜನ ಮಲಗ್ತಿದ್ವಿ. ಸ್ವಲ್ಪ ದಿನ ತಾನೇ ಅಂತ ನಗ್ತಾನೇ ಇದ್ವಿ ಕಣಮ್ಮ.

ಗೃಹಪ್ರವೇಶ ಆಯ್ತು, ಹಾಲು ಉಕ್ಕಿಸಿದ್ವಿ. ಸಾಮಾನು ಇನ್ನೂ ಒಳಗೆ ಸಾಗಿಸಿರ್ಲಿಲ್ಲ, ಒಳ್ಳೆ ದಿನ ನೋಡ್ತಿದ್ವಿ. ಅಷ್ಟ್ರಲ್ಲಿ ನಿಮ್ಮ ತಾತ ಒಂದಿನ ಮಧ್ಯಾಹ್ನಕ್ಕೇ ಬಂದ್ಬುಟ್ರು, ಡಬ್ಬೀಲಿ ಊಟ ಅಂಗೇ ಇತ್ತು. "ಕಂಟ್ರಾಕ್ಟ್ನೋರ್ನೆಲ್ಲ ನಾಳೆಯಿಂದ ಬರ್ಬೇಡಿ ಅಂದ್ರು" ಅಂದ್ರು. ಆಮೇಲೆ ನನ್ ಮುಖ ನೋಡ್ದಂಗೆ, "ಸಾವಿತ್ರೀ, ಮನೆ ಬಾಡಿಗೆಗೆ ಕೊಟ್ಬುಡೋಣ್ವಾ? ಕಂತು ಕಟ್ಲಿಲ್ಲಾಂದ್ರೆ ಮನೇನೇ ಹೋಗ್ತದೆ. ಒಂದು ದಾರಿ ಆಗೋಗಂಟ ಶೆಡ್ಡಲ್ಲೇ ಇರೋಣ" ಅಂದ್ರು. ನಾನು ಹ್ಞೂಂ ಅಂದೆ. ಆ ದಾರಿ ಆಗ್ಲೇ ಇಲ್ಲ ನೋಡು. ವಾಚ್‌ಮನ್ ಕೆಲಸ ಸಿಕ್ತು, ಸಂಬಳ ಅರ್ಧ. ನಿಮ್ಮಮ್ಮನ ಮದುವೆ ಬಂತು, ತಾತನ ಎದೆನೋವು ಬಂತು, ಪ್ರತಿ ಸಲ ಸಾಲ ಮುಂದಕ್ಕೆ ಹೋಯ್ತು.

ಸುಧಾ ಆಂಟಿ ನೆನಪೈತಾ? ಅದೇ, ಎತ್ತರಕ್ಕಿದ್ಲಲ್ಲ, ಗಾರ್ಮೆಂಟ್ಸಿಗೆ ಹೋಗೋಳು. ರಾಮಕೃಷ್ಣನಗರದಲ್ಲಿ ಬಾಡಿಗೆ ತಡಕೊಳಕ್ಕಾಗ್ದೆ ಗಂಡ ಮಕ್ಳು ಕಟ್ಕಂಡು ನಮ್ಮ ಈ ಮುಂದಿನ ಮನೆಗೆ ಬಾಡಿಗೆಗೆ ಬಂದೋಳು. ಒಂದು ದೀಪಾವಳಿಗೆ, "ಅಮ್ಮ, ನೀವಿಬ್ರೂ ನಮ್ಮನೇಲೇ ಊಟ ಮಾಡ್ಬೇಕು" ಅಂದ್ಲು. ನಿಮ್ಮ ತಾತ ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕ್ಕಂಡ್ರು. ಹತ್ತು ಹೆಜ್ಜೆ ಇಲ್ಲ ಕಣೆ, ಅದಕ್ಕೆ ಬಿಳೀ ಶರ್ಟು. ಬಡಿಸೋಕೆ ಕೈಜೋಡಿಸಾನ ಅಂತ ಅಡುಗೆಮನೆಗೆ ಹೋದೆ. ಆ ಅಡುಗೆ ಕಟ್ಟೆ ಇದ್ಯಲ್ಲ, ನಾನು ಕುಳ್ಳಿ ಅಂತ ಗಾರೆಯೋನ ಹತ್ರ ನಿಂತು ಹೇಳಿ ತಗ್ಗಿಗೆ ಮಾಡಿಸಿದ್ದೆ. ಸುಧಾ ಬಗ್ಗಿ ಬಗ್ಗಿ ಅಡುಗೆ ಮಾಡಿ ಸೊಂಟ ಹಿಡ್ಕಂಡಿದ್ಲು. ನನ್ ಕೈಗೆ ಅದು ಸರಿಯಾಗಿ ಸಿಕ್ತಿತ್ತು. ಇಬ್ರೂ ಮುಖ ಮುಖ ನೋಡ್ಕಂಡ್ವಿ. ಅತ್ಲಾಗೆ ಅವಳ ಗಂಡ ತಾತಂಗೆ, "ಸಂಕೋಚ ಮಾಡ್ಕೋಬೇಡಿ ಅಂಕಲ್, ನಿಮ್ಮನೆ ಅಂದ್ಕಂಡು ಊಟ ಮಾಡಿ" ಅಂದ್ಬುಟ್ಟ. ಅಂದ್ಮೇಲೆ ಅವನಿಗೇ ನಾಚಿಕೆ ಆಗಿ ಗರಬಡಿದೋನಂಗೆ ನಿಂತ. ತಾತ ತಲೆ ಎತ್ತದೇನೇ, "ಇನ್ನೊಂಚೂರು ಸಾರು ಹಾಕಪ್ಪ" ಅಂದ್ರು. ಅಷ್ಟೇ.

ಹೋದ್ವರ್ಷ ಬ್ಯಾಂಕ್ನೋರು ಬಡ್ಡಿ ಏರಿಸಿದ್ರು, ಕಂದಾಯನೂ ಏರ್ತು, ತಾತಂಗೆ ಕೆಲಸಕ್ಕೆ ಹೋಗೋಕೂ ಆಗ್ತಿರ್ಲಿಲ್ಲ. ಬಾಡಿಗೆ ಕೇಳೋಕೆ ನಾನೇ ಹೋದೆ. ಸುಧಾ ಮಕ್ಳ ಯೂನಿಫಾರಂ ಒಣಗಾಕ್ತಿದ್ಲು. "ಸ್ವಲ್ಪ ಜಾಸ್ತಿ ಮಾಡ್ಕೊಡವ್ವ" ಅಂದೆ. ಕ್ಲಿಪ್ಪು ಕೈಯಲ್ಲೇ ಇಟ್ಕಂಡು, "ಅಮ್ಮ, ಅಲ್ಲಿ ಆಗ್ದೆ ತಾನೇ ಇಲ್ಲಿಗೆ ಬಂದಿದ್ದು. ಇನ್ನೆಲ್ಲಿಗೆ ಹೋಗ್ಲಿ?" ಅಂದ್ಲು. "ನಂಗೂ ಹೋಗೋಕೆ ಇನ್ನೊಂದು ಜಾಗ ಇಲ್ಲ ಕಣವ್ವ" ಅಂದೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು, ಬೈಲಿಲ್ಲ. ಪರೀಕ್ಷೆ ಮುಗಿಯೋಗಂಟ ಇರ್ತೀವಿ ಅಂದ್ಲು, ಇದ್ರು. ಆಮೇಲೆ ರಿಂಗ್ ರೋಡ್ ದಾಟಿ ಯಾವ್ದೋ ಹಳ್ಳಿ ಕಡೆ ಹೋದ್ರು, ಮಕ್ಳ ಸ್ಕೂಲೂ ಬಿಡಿಸಿದ್ರು. ಹೋಗೋವಾಗ ಮನೆ ಒರೆಸಿ, ಬಾಗಿಲಿಗೆ ರಂಗೋಲಿ ಹಾಕಿ, ಬೀಗದ ಕೈ ಕೊಟ್ಲು. ಇರಮ್ಮ, ಹಳೇ ಬಾಡಿಗೇನೇ ಸಾಕು ಅನ್ನೋ ಮಾತು ನಾಲಿಗೇಗಂಟ ಬಂತು, ಆದ್ರೆ ಬೀಗದ ಕೈ ಇಸ್ಕಂಡು ಸೆರಗಿಗೆ ಕಟ್ಕಂಡೆ. ಈಗ ಇರೋರು ಕೇಳಿದಷ್ಟು ಕೊಡ್ತಾರೆ, ಒಳ್ಳೇ ಜನಾನೇ. ಕಾರು ನಿಲ್ಲಿಸ್ಬೇಕು, ಗೇಟಿಗೆ ಬೀಗ ಹಾಕ್ಕೊತೀವಿ ಅಂದ್ರು. ಅದಕ್ಕೇ ನಾವು ಪಕ್ಕದ ಚರಂಡಿ ಸಂದೀಲಿ ಓಡಾಡೋದು. ಸುಧಾ ಇರೋ ಕಡೆ ನೀರಿಲ್ಲವಂತೆ, ಫೋನ್ ಮಾಡಿದ್ಲು, ತಾತನ ಮಾತ್ರೆ ವಿಚಾರಿಸಿದ್ಲು. ನಾನು ಹ್ಞೂಂ ಹ್ಞೂಂ ಅಂದು ಇಟ್ಬುಟ್ಟೆ.

ನೀನೊಂದು ಕಲ್ತ್ಕೋ ಪುಟ್ಟಿ. ಯಾರ ಮನೆಗಾದ್ರೂ ಹೋದಾಗ ಸ್ವಂತದ್ದಾ, ಬಾಡಿಗೆದಾ ಅಂತ ಮಾತ್ರ ಕೇಳ್ಬೇಡ. ಹಾಕಿದ್ದು ಉಂಡು, ಚೆನ್ನಾಗಿತ್ತು ಅಂದು ಎದ್ದು ಬಾ.