ಅಪ್ಪನ ಕಲ್ಲು ಬೆಚ್ಚಗಿತ್ತು

...ನಾನಾ? ಅಯ್ಯೋ, ನನ್ನ ಯಾಕೆ ಹಾಗೆ ನೋಡ್ತೀಯ ರೇವಿನ್ ಅಕ್ಕಾ? ನಿನ್ನ ಗಂಡನ್ನ ನೋಡು! ಸೆಲ್ವಿನ್ ಭಾವ ದಡದಲ್ಲಿ ನಿಂತು ಎರಡನೇ ಪೈ ತಿಂತಿದಾರೆ. ಬೆಳಗ್ಗೆ ಒಂಬತ್ತು ಗಂಟೆಗೆ! ತಪ್ಪು ಮಾಡಿದೋರಿಗೇ ಹಸಿವು ಜಾಸ್ತಿ, ತಿಳ್ಕೋ.

...ಹೂಂ, ನಾನೂ ಎರಡು ತಿಂದೆ. ಅದು ಬೇರೆ. ನಾನು ಬೇಜಾರಿಗೆ ತಿಂದಿದ್ದು.

ಬೇಜಾರಾಗ್ದೆ ಇನ್ನೇನು! ಆರು ವರ್ಷ ಆದ್ಮೇಲೆ ಈ ಕೆರೆ ಸರಿಯಾಗಿ ಹೆಪ್ಪುಗಟ್ಟಿದೆ. ಐಸ್ ಮೇಲೆ ಕಲ್ಲು ಜಾರಿಸೋ ಆಟಕ್ಕೆ ಅರ್ಧ ಒಟಾಗೊ ಸೀಮೆ ಪೊರಕೆ ಹಿಡ್ಕೊಂಡು ಇಲ್ಲಿಗೇ ಬಂದಿದೆ. ದಿನದ ಮೊದಲ್ನೇ ಆಟ, ಮೊದಲ್ನೇ ಕಲ್ಲು, ಅದೂ ಅಪ್ಪನ ಕಲ್ಲು! ಎಷ್ಟು ಚೆನ್ನಾಗಿ ಜಾರಿಸ್ದೆ ನಾನು... ಅರ್ಧ ದಾರೀಲಿ ನಿಂತೇ ಹೋಯ್ತು. ಕಲ್ಲು ಇನ್ನೂ ಜಾರ್ಲಿ ಅಂತ ನೀವು ಮುಂದೆ ಐಸ್ ಗುಡಿಸಿದ್ದೇ ಗುಡಿಸಿದ್ದು, ಅದು ಹಂದಿ ಗೆರೆ ಕೂಡ ದಾಟ್ಲಿಲ್ಲ. ಎದುರು ತಂಡದ ಆ ಮಕ್ರೇ ಮನೆಯೋರು "ಹಂದಿ! ಹಂದಿ!" ಅಂತ ಕೂಗಿದ್ದು ಕೇಳಿದ್ಯಾ? ಗೆರೆ ದಾಟದ ಕಲ್ಲನ್ನ ಹಂದಿ ಅಂತಾನೇ ಅನ್ಬೇಕು, ಒಪ್ಕೋತೀನಿ. ಆದ್ರೆ ಅಪ್ಪನ ಕಲ್ಲಿಗೆ? ಅಪ್ಪನ ಕೈಲಿ ನಲವತ್ತು ವರ್ಷ ಒಂದ್ಸಲಾನೂ ಹಂದಿ ಆಗದೆ ಇರೋ ಕಲ್ಲಿಗೆ?

...ಯಾಕೆ ನಗ್ತೀಯ? ಸರಿ, ಎರಡು ಸಲ ಆಗಿತ್ತು. ಆಗ ಅವರು ಕುಡಿದಿದ್ರು.

ನೀನು ಬಗ್ಗಿ ಮುಟ್ಟಿ ನೋಡಿದ್ದು ಒಳ್ಳೇದಾಯ್ತು. ಕಲ್ಲು ಬೆಚ್ಚಗಿತ್ತು! ಯಾರೋ ಒಲೆ ಹತ್ರ ಇಟ್ಟಿದ್ರು. ಆಟದ ಕಲ್ಲು ರಾತ್ರಿಯೆಲ್ಲಾ ಚಳೀಲಿ ಇರ್ಬೇಕು, ಇಲ್ದಿದ್ರೆ ಐಸ್ ಕರಗಿಸಿ ಅಲ್ಲೇ ಕಚ್ಕೊಳ್ಳುತ್ತೆ ಅಂತ ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. "ಯಾರು ಒಳಗೆ ತಗೊಂಡ್ಹೋದ್ರೋ ಅವ್ರು ಇನ್ಮುಂದೆ ಅಪ್ಪನ ಕಲ್ಲು ಮುಟ್ಟಂಗಿಲ್ಲ" ಅಂದ್ಯಲ್ಲ, ಸರಿಯಾಗೇ ಅಂದೆ. ಅಪ್ಪ ಹೋಗಿ ನಾಲ್ಕು ತಿಂಗಳಾಯ್ತು, ಈ ಕಲ್ಲು ಯಾರಿಗೆ ಅಂತ ಇವತ್ತು ನೀನೇ ಹೇಳ್ಬೇಕು. ನನಗೇ ಕೊಡು ಅಂತ ನಾನು ಒಂದ್ಸಲನಾದ್ರೂ...

...ಮೂರು ಸಲ ಅಂದಿದೀನಾ? ಲೆಕ್ಕ ಇಟ್ಟಿದೀಯ ನೋಡು!

ನನಗೆ ನೆಟ್ಟಾ ಅತ್ತೆ ಮೇಲೂ ಅನುಮಾನ. ಬಿಸಿ ಪೈ ಡಬ್ಬಿನ ಎಲ್ಲಿ ಸಿಕ್ಕಿದ್ರೆ ಅಲ್ಲಿ ಇಡ್ತಾಳೆ. ಕಲ್ಲಿನ ಮೇಲೆ ಇಟ್ಟಿರ್ತಾಳೆ... ಇಲ್ಲ, ಕಲ್ಲಿನ ಅಡಿ ಬಿಸಿಯಾಗಿತ್ತು, ನೀನು ಹೇಳೋದೂ ನಿಜ. ಹಂಗಾದ್ರೆ ಮುದುಕ ಮಕ್ರೇನೇ! ಬೆಳಗ್ಗೆ ನನ್ನ ನೋಡಿ ಕಣ್ಣು ಹೊಡ್ದ. ಮೂವತ್ತು ವರ್ಷದಿಂದ ನಮ್ಮ ಎದುರು ಸೋತು ಸೋತು ಅವನಿಗೆ... ಏನು? ಅವನ ಕಣ್ಣಿಗೆ ಆಪರೇಷನ್ ಆಗಿದ್ಯಾ? ಯಾರಿಗೂ ಹೇಳೇ ಇಲ್ವಲ್ಲ, ಅದೂ ಅನುಮಾನಾನೇ.

ಭಾವನೇ ಇರ್ಬೇಕು. ಅವರಿಗೆ ನಮ್ಮ ಕಡೆ ಜುಲೈ ತಿಂಗಳ ಚಳಿಗಾಲ ಆಗಲ್ಲ. ಕಾಲು ಬೆಚ್ಚಗಾಗ್ಲಿ ಅಂತ ಕಲ್ಲನ್ನ ಕಾಯಿಸಿ ಹಾಸಿಗೇಲಿ... ಏನು? ರಾತ್ರಿ ನಿಮ್ಮನೇಲೇ ಇದ್ರಾ? ಬಂದೂ ಇರ್ಬಹುದು! ಕತ್ತಲಲ್ಲಿ, ಕಲ್ಲು ಇಟ್ಟಿದ್ದ ನನ್ನ ಶೆಡ್ಡಿಗೆ...

ಅದು ಹೇಗೆ ಸಾಧ್ಯ ಬಿಡು. ಶೆಡ್ಡಿಗೆ ನಾನೇ ಬೀಗ ಹಾಕಿದ್ದೆ. ಕೀಲಿ ನನ್ನ ಜೇಬಲ್ಲೇ ಇತ್ತು, ಬೆಳಗ್ಗೆವರೆಗೂ. ಒಂದೇ ಕೀಲಿ. ನಾನಿಲ್ದೆ ಒಂದು ನೊಣಾನೂ ಒಳಗೆ ಹೋಗೋಕೆ...

...

ಅಕ್ಕಾ.

ಬೈಯಿ ಬೇಕಾದ್ರೆ.

...

ಒಲೆ ಹತ್ರ ಅಂದ್ರೆ ತೀರಾ ಹತ್ರ ಅಲ್ಲ. ಕುರ್ಚಿ ಮೇಲೆ. ಕಂಬಳಿ ಹೊದಿಸಿದ್ದೆ, ಅಷ್ಟೇ. ಬೆಳಗಿನ ಜಾವಕ್ಕೇ ಎದ್ದು ಹೊರಗಿಡೋಣ ಅಂತಾನೇ ಇದ್ದೆ... ನಿದ್ದೆ ಬಂದ್ಬಿಡ್ತು. ಎಷ್ಟೋ ದಿನ ಆದ್ಮೇಲೆ ಅಷ್ಟು ಚೆನ್ನಾಗಿ ನಿದ್ದೆ ಬಂತು ಕಣೇ.

ಹಾಗೆ ನೋಡ್ಬೇಡ. ಹೊರಗೆ ಮೈನಸ್ ಹನ್ನೊಂದು ಇತ್ತು. ಅಂಥಾ ಚಳೀಲಿ ಅಪ್ಪನ್ನ ಒಬ್ಬರನ್ನೇ ಆ ಶೆಡ್ಡಲ್ಲಿ ಹೇಗೆ ಬಿಡ್ಲಿ...

ಕಲ್ಲನ್ನ. ಕಲ್ಲನ್ನ ಅಂದೆ.