ಸಾಲಿಗೆ ತಾಳುವಂಥಾದ್ದು

"ಈಗ ಮಲಕೋರಿ, ಮುಂಜಾನಿ ಹೇಳತೇನಿ." ಅಷ್ಟ ಅಂದ್ಲು ಅನ್ವರಬಿ. ಗ್ವಾಡಿ ಕಡೆ ಹೊಳ್ಳಿದ್ಲು... ಹೌದ್ರಿ ಅಕ್ಕೋರ, ಅದ ನನ್ನ ಹೇಣ್ತಿ ಕಡೀ ಮಾತು. ನೀವು ಕೇಳಿದ್ರಿ, ಹೇಳಿದೆ. ಏನ ಹೇಳಾಕಿ ಇದ್ಲೋ. ಮನೀದ ಏನರ ಇರಬೇಕು. ಹಿಟ್ಟು ಬೀಸಿಸೂದು, ಅಂಥಾದ್ದು.

ಕುಂಡ್ರಿ. ಆ ಕುರ್ಚಿ ಬ್ಯಾಡ, ಕಾಲು ಮುರದೈತಿ. ಇಲ್ಲೆ ಚಾಪಿ ಮ್ಯಾಲ ಕುಂಡ್ರಿ. ಮೀಟಿಂಗಿನ ಹೊತ್ತು ಆಗಾಕ ಬಂತು ಅಂತ ನನಗೂ ಗೊತ್ತೈತಿ. ಸಾಲಿ ಕಮಿಟಿ ಅಧ್ಯಕ್ಷ ನಾನ ಅಲ್ಲೇನು? ಬರತೇನಿ. ಅಂಗಿ ಹಾಕ್ಕೋಬೇಕು, ಅಷ್ಟ.

ನಿನ್ನಿ ಅಮೋಘಸಿದ್ದಪ್ಪ ಬಂದಿದ್ದ. ಅಂವನೂ ಕಮಿಟಿ ಮೆಂಬರು, ಸಮಾಧಾನ ಹೇಳಾಕಂತ ಬಂದ. ಚಪ್ಪಲಿ ಬಿಡೂದ್ರಾಗ ಸಾಲಿ ಕಂಪ್ಯೂಟರಿಗೆ ಹಾಕೂ ಸಾಫ್ಟ್‌ವೇರ್ ಮಾತು ತಗದ. ದೊಡ್ಡದು, ಸಣ್ಣದು ಎರಡು ಅದಾವಲ್ಲ, ದೊಡ್ಡದ ಹಾಕೂನು ಅಂತಾನ. ಹಾಜರಿ, ಮಾರ್ಕ್ಸು, ಲೈಬ್ರರಿ, ಎಲ್ಲಾ ಒಂದರಾಗ. ಮಗ ಸಾಲಿ ತಪ್ಪಿಸಿದ್ರ ಅಪ್ಪನ ಫೋನಿಗೆ ಮೆಸೇಜು ಹೋಗತೈತಂತ. ನಮ್ಮೂರಾಗ ಸಾಲಿ ತಪ್ಪಿಸಿದ ಮಗ ಅಪ್ಪನ ಸಂಗಾಟನ ಹೊಲದಾಗ ಇರತಾನಲ್ಲಪಾ ಅಂದೆ. ಅಂವ ನಗಲಿಲ್ಲ. ನೀವರ ನಕ್ರಿ.

ತಿಳೀತೈತ್ರಿ ನನಗ. ಎರಡೂ ಪುಕ್ಕಟೆ. ಎರಡೂ ಓಪನ್ ಸೋರ್ಸು. ಅಂದ್ರ ಬಾನೆಟ್ಟಿಗೆ ಬೀಗ ಇಲ್ಲ, ಬಲ್ಲಾಂವ ಯಾರರ ಬಿಚ್ಚಿ ನೋಡಬಹುದು. ಟೆಂಪೋ ಹೊಡಿಯಾಂವಗ ಅಷ್ಟು ತಿಳೀಲಿಲ್ಲಂದ್ರ ಹೆಂಗ? ಆದ್ರ ಬಿಚ್ಚಾಕ ಕೈ ಬೇಕಲ್ಲ... ದೊಡ್ಡದಕ್ಕ ಹಗಲೂ ರಾತ್ರಿ ಚಾಲೂ ಇರೂ ಮಷೀನು ಬೇಕು. ನೆಟ್ಟು ಬೇಕು. ಕೆಟ್ರ ಬೆಳಗಾವಿಯಿಂದ ಮಂದಿ ಬರಬೇಕು. ಹಳೇ ಕಂಪ್ಯೂಟರೆಲ್ಲಾ ಗುಜರಿಗೆ. ಹೊಸಾದು ಆಫೀಸಿನ್ಯಾಗ ಕುಂಡ್ರತೈತಿ, ಮಕ್ಕಳು ಕಿಡಕಿಯಿಂದ ನೋಡಬೇಕು.

ಸಣ್ಣದು ಆ ಹಳೇವರಾಗ ಓಡತೈತಿ. ನೆಟ್ಟಿಲ್ಲದ ಓಡತೈತಿ. ಕನ್ನಡಾ ಟೈಪು, ಚಿತ್ರ, ಲೆಕ್ಕ... ಮಕ್ಕಳ ಕೈಗೆ ಸಿಗತೈತಿ. ಆದ್ರ ಅದನ್ನ ಬಲ್ಲವರು ಸಾಲ್ಯಾಗ ನೀವೊಬ್ಬರ. ನಾಳೆ ನಿಮಗ ವರ್ಗ ಆತಂದ್ರ? ಎಲ್ಲಾ ಕಂಪ್ಯೂಟರಿಗೂ ಅರಿವಿ ಹೊಚ್ಚಿ ಕೋಲಿ ಬಾಗಲಕ್ಕ ಕೀಲಿ ಹಾಕೂದು. ಆ ಕಡೆ ತಗ್ಗು, ಈ ಕಡೆ ತಗ್ಗು. ಗಾಡಿ ಎಲ್ಲಿ ಹೊಳ್ಳಸ್ಲಿ?

ಸಾಬರ ಮಾತು ಮಂದಿ ಕೇಳತೈತಿ ಅಂತೀರಿ. ಕೇಳತೈತಿ. ನಾ ದುಡುಕೂದಿಲ್ಲ, ಅದಕ್ಕ. ಮೀಟಿಂಗಿನ್ಯಾಗ ಏನ ಕೇಳಿದ್ರೂ 'ನಾಳಿ ಹೇಳತೇನಿ' ಅಂತೇನಿ. ಮರುದಿನ ಹೇಳತೇನಿ. ಹೇಳಿದ್ದು ಒಂದೂ ಸುಳ್ಳಾಗಿಲ್ಲ. ನೀರಿನ ಟಾಕಿ ಎಲ್ಲಿ ಕಟ್ಟಬೇಕಂತ ಜಗಳಾ ಬಿದ್ದಾಗ ಹೇಳಿದಾಂವ ಯಾರು? ಸಾಬರು ನಿದ್ದಿಗೆಟ್ಟು ವಿಚಾರ ಮಾಡತಾರ ಅಂತ ಇದ ಅಮೋಘಸಿದ್ದಪ್ಪ ಊರ ಮುಂದ ಹೇಳ್ಯಾನ. ಮಾಡೇನಿ ವಿಚಾರ. ನಾನ ಮಾಡೇನಿ.

ಯಾಕ ನೆಲಾ ನೋಡಾಕತ್ತೀರಿ?

ಅಕಿಗೇನ ಗೊತ್ತಿತ್ರಿ ಇದೆಲ್ಲಾ. ಸಾಲಿ ಅಡಗಿ ಮನ್ಯಾಗ ಸಾರು ಕುದಸಾಕಿ. ಏಳನೇತ್ತೆ ಕಲತಿದ್ಲು, ಖರೆ. ನಾ ಮೂರಕ್ಕ ಬಿಟ್ಟಾಂವ. ಅಕ್ಕಿ ಹಸನ ಮಾಡೂ ಹೊತ್ತಿನ್ಯಾಗ ನೀವು ಬಾಜೂಕ ಬಂದು ಕುಂಡ್ರತೀರಿ ಅಂತಿದ್ಲು. ಏನ ಮಾತಾಡತಿದ್ರೋ... ಹೆಣ್ಮಕ್ಕಳ ಮಾತು.

ಏನರ ಅನ್ರಿ ಅಕ್ಕೋರ. ಅಲ್ಲ ಅನ್ರಿ, ಹೌದ ಅನ್ರಿ.

ಓ.

ನಿಮಗ ಗೊತ್ತಿತ್ತು, ನನಗ ಹೇಳಿಕೊಡಾಕಿ ಅಕಿ ಅಂತ.

ಮೊದಲಿಂದನೂ ಗೊತ್ತಿತ್ತೇನ್ರಿ? ಟಾಕಿ ಮಾತೂ ನಿಮ್ಮದೇನು? ನೀವು ಅಕಿಗೆ ಹೇಳೂದು, ಅಕಿ ರಾತ್ರಿ ನನಗ ಹೇಳೂದು, ನಾ ಮರುದಿನ ನಾಕು ಮಂದ್ಯಾಗ ಕೆಮ್ಮಿ ಹೇಳೂದು... ನೀವು ಹೇಳಿದ್ರ ಅವರು ಕೇಳತಿದ್ದಿಲ್ಲ. ಅದೂ ಖರೆ ಬಿಡ್ರಿ.

ಹಂಗಾದ್ರ ಇದನ್ನೂ ಹೇಳಿರತೀರಿ. ಯಾವುದು ಅಂದ್ರಿ ಅಕಿಗೆ? ತಲಿ ಯಾಕ ಅಲ್ಲಾಡಸತೀರಿ? ...ನೀವೂ ಅಕಿನ್ನ ಕೇಳಿದ್ರಿ? ಇದೊಂದು ನಿಮಗೂ ಹರೀಲಿಲ್ಲ?

ಅಯ್ಯ, ನಾವಿಬ್ಬರೂ ಒಂದ ಬಾಗಲಾ ಕಾಯಾಕತ್ತೇವಿ ಹಂಗಾದ್ರ.

ಹಿಟ್ಟಿನ ಮಾತಲ್ರಿ ಅದು. ದೊಡ್ಡದೋ ಸಣ್ಣದೋ ಅಂತ ಕೇಳಿದ್ದೆ ನಾ. 'ಕೆಟ್ಟ ದಿನ ಯಾರನ್ನ ಕರೀತೀರಿ?' ಅಂದ್ಲು. ಅಷ್ಟೊತ್ತಿಗೆ ಎದಿ ಒತ್ತಿದಂಗ ಆಗೈತಿ ಅಂದ್ಲು. ಪಿತ್ತ ಅಂತ ನಾನೂ ಅಂದೆ, ಅಕಿನೂ ಅಂದ್ಲು.

ಇವತ್ತ ನಾಳಿ ಹೇಳತೇನಿ ಅನ್ನಾಕ ಬರೂದಿಲ್ಲ. ಸಣ್ಣದು ಅಂದ್ಬಿಡತೇನಿ. ಕರದ್ರ ಬರಾಕ ನೀವರ ಇದ್ದೀರಿ. ವರ್ಗ ಆಗೂದ್ರಾಗ ಇನ್ನಿಬ್ಬರಿಗೆ ಕಲಿಸಿಕೊಡ್ರಿ, ಅದನ್ನೂ ಅಂತೇನಿ. ಸರಿ ಆಕ್ಕೈತೋ ಇಲ್ಲೋ... ಸರಿ ಅಂತ ಹೇಳಾವರಿಲ್ಲ. ಹೊರಗ ಬಾಯಿ ತಗದ್ರ ಖಾಲಿ ಕೊಡ ಬಡದಂಗ ಕೇಳೀತು ನನ್ನ ಮಾತು.

ಮರುದಿನ ಮುಂಜಾನಿ ಏನಾತು ಅಂತ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ. ತೀರಿ ಹೋಗಿದ್ಲು ಅಂತಷ್ಟ ಊರಿಗೆ ಗೊತ್ತು. ನಾ ಎದ್ದೆ. ಅಕಿ ಗ್ವಾಡಿ ಕಡೆನ ಇದ್ಲು. ಮುಖಾ ನೋಡಲಿಲ್ಲ ನಾ. ಕಮಿಟಿಗೆ ಉತ್ತರಾ ಕೊಡೂದಿತ್ತಲ್ಲ, ಅಂಗಿ ಗುಂಡಿ ಹಾಕ್ಕೋತ ಕೇಳಿದೆ, ದೊಡ್ಡದೋ ಸಣ್ಣದೋ ಅಂತ. ನಿದ್ದಿ ಹರದಿಲ್ಲ ಅಂದ್ಕೊಂಡೆ. ಕಿಡಕಿ ತಗದೆ. ಬೆಳಕು ಅಕಿ ಬೆನ್ನ ಮ್ಯಾಲ ಬಿತ್ತು. ದನಿ ಏರಿಸಿ ಮತ್ತೊಮ್ಮೆ ಕೇಳಿದೆ.