ಎಂಬತ್ತಾದರೆ ಸಾಕು

ಆಸ್ಪತ್ರೆಯ ಲಾಂಡ್ರಿಯಲ್ಲಿ ದುಪ್ಪಟಿ ಮಡಚುತ್ತಿದ್ದ ಮುದುಕಿಯ ಕಿವಿಗೆ ಇಸ್ತ್ರಿ ಮೇಜಿನ ಅತ್ತಿಗೆ–ನಾದಿನಿಯರ ಮಾತು ಬಿತ್ತು.

“ಅತ್ತಿಗೆ, ನಿಮ್ಮ ಫೋನು ಎಂಬತ್ತಾಯ್ತು. ಚಾರ್ಜಿಂದ ತೆಗೀತೀನಿ.”

“ಬೇಡ ಕಣೇ, ನೂರಾಗಲಿ.”

“ದಿನಾ ನೂರಕ್ಕೇರಿಸಿ, ಸೊನ್ನೆಗಿಳಿಸಿದ್ರೆ ಬ್ಯಾಟರಿ ಬೇಗ ಸೊರಗುತ್ತೆ. ಇಸ್ತ್ರಿಪೆಟ್ಟಿಗೆ ಪಕ್ಕ ಬೇರೆ ಇಟ್ಟಿದ್ದೀರಿ, ಬೇಯ್ತಾ ಇದೆ!”

“ನೂರಾದ್ಮೇಲೆ ನಮ್ಮಮ್ಮನಿಗೆ ಫೋನಲ್ಲಿ ಬರೆದಿಟ್ಟಿರೋ ಆ ಕಾಗದ ಕಳಿಸೋಣ ಅಂತಿದ್ದೆ.”

“ಬರೆದಿಟ್ಟು ಎರಡು ವರ್ಷ ಆಯ್ತಲ್ಲ! ಅದನ್ನ ಕಳಿಸೋಕೆ ಎರಡು ಪರ್ಸೆಂಟ್ ಸಾಕು.”

“ನನ್ನ ಮದುವೆಗೇ ಬರದೋಳು ಓದ್ತಾಳಾ?”

“ಮೊಮ್ಮಗಳ ಫೋಟೋ ಇದ್ರೆ ಓದದೇ ಇರ್ತಾರಾ?”

“ಬೈದು ಬರೆದ್ರೆ?”

“ಬೈಯಲಿ ಬಿಡಿ. ಮಾತಾದ್ರೂ ಶುರುವಾಗುತ್ತೆ.”

ಇಬ್ಬರೂ ಬಟ್ಟೆಯ ಗಾಡಿ ತಳ್ಳುತ್ತಾ ಹೊರಟರು. ಬಾಗಿಲ ಬಳಿ ಅತ್ತಿಗೆ ನಿಂತಳು, ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಚಾರ್ಜಿಂದ ತೆಗೆದು ತಂದಿದ್ದ ಫೋನನ್ನು ಒತ್ತಿದಳು.

“ಕಾಗದ ಹೋಯ್ತು ಕಣೇ,” ಎಂದಳು.